ಏಳು ತಟ್ಟೆಗಳು, ಮುಗಿಯದ ಜಗಳ

ಐರನ್ ಮೇಡನ್ ತಂಡದ ಇಬ್ಬರು ಅಭಿಮಾನಿಗಳು ಒಂದೆಡೆ ಕುಳಿತರೆ ಮಾತು ಬಹುಬೇಗ ಒಂದೇ ಪ್ರಶ್ನೆಗೆ ಬಂದು ನಿಲ್ಲುತ್ತದೆ: ಅವರ ಆಲ್ಬಮ್‌ಗಳಲ್ಲಿ ಯಾವುದು ಶ್ರೇಷ್ಠ? ಈ ಇಂಗ್ಲಿಷ್ ಹೆವಿ ಮೆಟಲ್ ತಂಡ 1980ರಿಂದ 1988ರ ನಡುವೆ ಏಳು ಸ್ಟುಡಿಯೋ ಆಲ್ಬಮ್‌ಗಳನ್ನು ಹೊರತಂದಿತು. ಜಗಳವೆಲ್ಲ ಈ ಏಳರ ಸುತ್ತಲೇ. ಘರಾಣೆಗಳ ಕುರಿತು ಧಾರವಾಡದಲ್ಲಿ ನಡೆಯುವ ವಾದಕ್ಕೆ ಇದು ಕಾವಿನಲ್ಲಾಗಲಿ, ಹಟದಲ್ಲಾಗಲಿ ಕಡಿಮೆಯದಲ್ಲ. ಹೊರಗಿನವರಿಗೆ ಇದೆಲ್ಲ ಬರೀ ಗದ್ದಲವಾಗಿ ಕೇಳಿಸಬಹುದು. ಆದರೆ ವಾದದ ಒಳಗಿರುವ ಪ್ರಶ್ನೆ ಗಂಭೀರವಾದದ್ದು. ಒಲಿದು ಬಂದ ಶೈಲಿಯನ್ನು ಕಲಾವಿದ ಎಷ್ಟರಮಟ್ಟಿಗೆ ಬದಲಿಸಬಹುದು, ಹಾಗೂ ಆ ಬದಲಾವಣೆಯನ್ನು ತೀರ್ಮಾನಿಸುವವರು ಯಾರು?

ತಂಡ ಹುಟ್ಟಿದ್ದು 1975ರ ಕ್ರಿಸ್‌ಮಸ್ ಸಮಯದಲ್ಲಿ, ಪೂರ್ವ ಲಂಡನ್ನಿನ ಲೇಟನ್ ಎಂಬಲ್ಲಿ. ಕಟ್ಟಿದಾತ ಬಾಸ್ ಗಿಟಾರ್ ನುಡಿಸುವ ಸ್ಟೀವ್ ಹ್ಯಾರಿಸ್. ಅದು ಪಂಕ್ ಸಂಗೀತ ಮೇಲೇರುತ್ತಿದ್ದ ಕಾಲ. ಉದ್ದ ಕೂದಲು, ಉದ್ದ ಹಾಡುಗಳ ಹುಡುಗರತ್ತ ಧ್ವನಿಮುದ್ರಣ ಕಂಪನಿಗಳು ತಿರುಗಿಯೂ ನೋಡುತ್ತಿರಲಿಲ್ಲ. 1978ರ ಕೊನೆಯ ದಿನ ಕೇಂಬ್ರಿಜ್‌ನ ಒಂದು ಸ್ಟುಡಿಯೋದಲ್ಲಿ ಮುದ್ರಿಸಿಕೊಂಡ ಹಾಡುಗಳನ್ನು ತಂಡ ಮರುವರ್ಷ ತಾನೇ 5,000 ಪ್ರತಿ ಮಾಡಿಸಿ ಅಂಚೆಯ ಮೂಲಕ ಮಾರಿತು. ಅವು ಬೇಗನೆ ಖಾಲಿಯಾದ ಮೇಲೆ ಕಂಪನಿಯ ಬಾಗಿಲು ತೆರೆಯಿತು.

ಮೊದಲ ಎರಡು ಆಲ್ಬಮ್‌ಗಳು, ಎಂದರೆ 1980ರ ‘ಐರನ್ ಮೇಡನ್’ ಮತ್ತು 1981ರ ‘ಕಿಲ್ಲರ್ಸ್’, ಗಾಯಕ ಪಾಲ್ ಡಿಯಾನೊ ಕಾಲದವು. ಗಿಡ್ಡ ಕೂದಲಿನ ಈ ಗಾಯಕನ ಒರಟು ಕಂಠದಲ್ಲಿ ಬೀದಿಯ ಬಿಸಿಯಿತ್ತು. ನಿಜವಾದ ಐರನ್ ಮೇಡನ್ ಇಲ್ಲಿಗೇ ಮುಗಿಯಿತು ಎನ್ನುವ ಪಂಗಡ ಇಂದಿಗೂ ಇದೆ. ಮೊದಲ ತಟ್ಟೆಯ ಧ್ವನಿಮುದ್ರಣ ಸ್ವತಃ ಹ್ಯಾರಿಸ್‌ಗೆ ಹಿಡಿಸಿರಲಿಲ್ಲ; ಆದರೆ ಆ ಒರಟುತನವೇ ಅದರ ಸೊಗಸು ಎಂದು ಈ ಪಂಗಡದ ವಾದ. ಪ್ರವಾಸದ ದಣಿವು, ಕುಡಿತ, ಕೊಕೇನ್ ಸೇರಿ 1981ರಲ್ಲಿ ಡಿಯಾನೊ ತಂಡದಿಂದ ಹೊರಬಿದ್ದರು. 2024ರಲ್ಲಿ ಅವರು ತೀರಿಕೊಂಡಾಗ ಹಳೆಯ ಚರ್ಚೆ ಮತ್ತೊಮ್ಮೆ ಎದ್ದಿತು.

ಅವರ ಜಾಗಕ್ಕೆ ಬಂದ ಬ್ರೂಸ್ ಡಿಕಿನ್ಸನ್ ತಾರಸ್ಥಾಯಿಯ ಗಾಯಕ. 1982ರ ‘ದಿ ನಂಬರ್ ಆಫ್ ದಿ ಬೀಸ್ಟ್’ ಬ್ರಿಟನ್ನಿನ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೇರಿತು. ‘ಓಮನ್’ ಸರಣಿಯ ಎರಡನೆಯ ಚಿತ್ರ ನೋಡಿದ ಮೇಲೆ ಹ್ಯಾರಿಸ್ ಕಂಡ ಕೆಟ್ಟ ಕನಸು ಶೀರ್ಷಿಕೆ ಗೀತೆಯ ಮೂಲ. ಅಮೆರಿಕದ ಕೆಲವು ಧಾರ್ಮಿಕ ಗುಂಪುಗಳು ಮಾತ್ರ ಇದನ್ನು ಸೈತಾನನ ಪೂಜೆಯೆಂದೇ ತಿಳಿದು ತಟ್ಟೆಗಳನ್ನು ಸುಟ್ಟವು. ಮಾರಾಟಕ್ಕೆ ಇದಕ್ಕಿಂತ ಒಳ್ಳೆಯ ಜಾಹೀರಾತು ಸಿಗುತ್ತಿರಲಿಲ್ಲ! ಆಲ್ಬಮ್ ದೋಷವಿಲ್ಲದ್ದೇನೂ ಅಲ್ಲ. ‘ಗ್ಯಾಂಗ್‌ಲ್ಯಾಂಡ್’ ಸಪ್ಪೆ ಹಾಡು. ಅದರ ಬದಲು ‘ಟೋಟಲ್ ಎಕ್ಲಿಪ್ಸ್’ ಇರಬೇಕಿತ್ತೆಂದು ತಂಡದವರೇ ಆಮೇಲೆ ಪರಿತಪಿಸಿದ್ದುಂಟು.

ಮುಂದಿನ ಎರಡು ಆಲ್ಬಮ್‌ಗಳಲ್ಲಿ ತಂಡ ಪುಸ್ತಕದ ಕಪಾಟಿಗೇ ಕೈಹಾಕಿತು. 1983ರ ‘ಪೀಸ್ ಆಫ್ ಮೈಂಡ್’ನಲ್ಲಿ ಟೆನಿಸನ್ ಕವಿ ಹಾಡಿದ ಕ್ರಿಮಿಯಾ ಯುದ್ಧದ ಅಶ್ವದಳವಿದೆ. ‘ಡ್ಯೂನ್’ ಕಾದಂಬರಿಯನ್ನು ಆಧರಿಸಿದ ಹಾಡೂ ಇದೆ. ಅದಕ್ಕೆ ಕಾದಂಬರಿಯ ಹೆಸರಿಡಲು ಲೇಖಕ ಫ್ರಾಂಕ್ ಹರ್ಬರ್ಟ್ ಒಪ್ಪಲಿಲ್ಲ. ಹೆವಿ ರಾಕ್ ತಂಡಗಳೆಂದರೆ ಅವರಿಗೆ ಆಗದು ಎಂಬ ಉತ್ತರ ಬಂತು. ಹಾಡು ‘ಟು ಟೇಮ್ ಎ ಲ್ಯಾಂಡ್’ ಆಯಿತು. 1984ರ ‘ಪವರ್‌ಸ್ಲೇವ್’ನ ಕೊನೆಯ ಹಾಡು ಕೋಲರಿಜ್‌ನ ಮುದಿ ನಾವಿಕನ ಕಥನವನ್ನು 13 ನಿಮಿಷಗಳಿಗೂ ಮೀರಿ ಹೇಳುತ್ತದೆ. ನಡುವೆ ವಾದ್ಯಗಳೆಲ್ಲ ಅಡಗಿ, ಗಾಳಿಯಿಲ್ಲದ ಕಡಲಲ್ಲಿ ಹಡಗಿನ ಮರ ಕಿರುಗುಟ್ಟುವ ಸದ್ದು ಮಾತ್ರ ಉಳಿಯುವ ಭಾಗವಿದೆ. ಅಬ್ಬರಕ್ಕೆ ಹೆಸರಾದ ತಂಡವೊಂದು ಮೌನವನ್ನು ಇಷ್ಟು ಚೆನ್ನಾಗಿ ಬಳಸಿಕೊಂಡದ್ದು ಅಪರೂಪ. ಏಳರಲ್ಲಿ ಒಂದನ್ನೇ ಆರಿಸಬೇಕಾದರೆ ‘ಪವರ್‌ಸ್ಲೇವ್’ಗೆ ಮತ ಬೀಳುವುದು ನ್ಯಾಯವೇ. ನಡುವಿನ ಒಂದೆರಡು ಹಾಡುಗಳು ಹಗುರ ಎಂಬುದನ್ನು ಒಪ್ಪಿಕೊಂಡೇ ಈ ಮಾತು ಹೇಳಬೇಕು.

ಬೆಲೆ ತೆತ್ತದ್ದು ಅದರ ಬೆನ್ನಿಗೆ ನಡೆದ ಪ್ರವಾಸದಲ್ಲಿ. 1984ರ ಆಗಸ್ಟ್‌ನಲ್ಲಿ, ಆಗಿನ್ನೂ ಕಮ್ಯುನಿಸ್ಟ್ ಆಡಳಿತದಲ್ಲಿದ್ದ ಪೋಲೆಂಡಿನಲ್ಲಿ ಆರಂಭವಾದ ಅದು ಮರುವರ್ಷ ಜುಲೈವರೆಗೆ ಎಳೆಯಿತು. ಎಲ್ಲರೂ ಬಸವಳಿದರು. ಡಿಕಿನ್ಸನ್ ಅಂತೂ ಹಾಡುವುದನ್ನೇ ಬಿಡುವ ಯೋಚನೆಯಲ್ಲಿದ್ದರು. ವಿಶ್ರಾಂತಿಯ ಬಳಿಕ ಅವರು ಅಕೂಸ್ಟಿಕ್ ಗಿಟಾರಿನ ಮೆಲುದನಿಯ ಹಾಡುಗಳನ್ನು ಬರೆದು ತಂದರು. ಏನಾದರೂ ಹೊಸದು ಮಾಡದಿದ್ದರೆ ತಂಡ ನಿಂತ ನೀರಾಗುತ್ತದೆ ಎಂಬುದು ಅವರ ಭಾವನೆ. ಹ್ಯಾರಿಸ್ ಒಪ್ಪಲಿಲ್ಲ. 1986ರ ‘ಸಮ್‌ವೇರ್ ಇನ್ ಟೈಮ್’ನಲ್ಲಿ ಡಿಕಿನ್ಸನ್ ಬರೆದ ಒಂದು ಹಾಡೂ ಇಲ್ಲ. ಗಿಟಾರ್ ವಾದಕ ಏಡ್ರಿಯನ್ ಸ್ಮಿತ್ ಆ ಕೊರತೆಯನ್ನು ತುಂಬಿದರು. ‘ವೇಸ್ಟೆಡ್ ಇಯರ್ಸ್’ ಅವರದೇ ರಚನೆ.

ವಿಚಿತ್ರವೆಂದರೆ, ಬದಲಾವಣೆ ಬೇಡವೆಂದ ತಂಡವೇ ಅದೇ ತಟ್ಟೆಯಲ್ಲಿ ಗಿಟಾರ್ ಸಿಂಥಸೈಜರ್ ಬಳಸಿತು. ಆ ನುಣುಪಾದ ನಾದವನ್ನು ಕೇಳಿ ಹಳೆಯ ಅಭಿಮಾನಿಗಳು ಮುಖ ಸಿಂಡರಿಸಿದರು. ಲೋಹದ ಸಂಗೀತಕ್ಕೆ ಪ್ಲಾಸ್ಟಿಕ್ ಹೊದಿಕೆ ಹಾಕಿದಂತೆ ಅವರಿಗೆ ಕೇಳಿಸಿತು. ಈ ದೂರಿನಲ್ಲಿ ಅರ್ಧ ಸತ್ಯವಿದೆ. ಹೊದಿಕೆಯ ಕೆಳಗಿನ ರಾಗಗಳು ಮಾತ್ರ ಹಿಂದಿನವುಗಳಿಗಿಂತ ಬಡವಾಗಿಲ್ಲ.

1988ರ ‘ಸೆವೆಂತ್ ಸನ್ ಆಫ್ ಎ ಸೆವೆಂತ್ ಸನ್’, ಏಳನೆಯ ಆಲ್ಬಮ್ ಆದ್ದರಿಂದಲೂ ಹೊಂದುವ ಹೆಸರು. ದಿವ್ಯದೃಷ್ಟಿ ಪಡೆದ ಬಾಲಕನ ಕಥೆಯ ಎಳೆ ಹಿಡಿದ ಇದರಲ್ಲಿ ಡಿಕಿನ್ಸನ್ ಮತ್ತೆ ಬರೆಯತೊಡಗಿದರು. ಬ್ರಿಟನ್ನಿನಲ್ಲಿ ಮೊದಲ ಸ್ಥಾನವೂ ಮರಳಿತು. ಆದರೆ 1990ರಲ್ಲಿ, ಹಳೆಯ ಒರಟು ಶೈಲಿಗೆ ಹಿಂತಿರುಗುವುದು ಬೇಡವೆಂದ ಸ್ಮಿತ್ ಹೊರನಡೆದರು. 1993ರಲ್ಲಿ ಡಿಕಿನ್ಸನ್ ಕೂಡ. ಇಬ್ಬರೂ ಮರಳಿ ಬಂದದ್ದು 1999ರಲ್ಲಿ.

ಐರನ್ ಮೇಡನ್ ಭಾರತದಲ್ಲಿ ಮೊದಲು ನುಡಿಸಿದ್ದು ಬೆಂಗಳೂರಿನ ಅರಮನೆ ಮೈದಾನದಲ್ಲಿ, 2007ರ ಮಾರ್ಚ್ 17ರಂದು. ಮರುವರ್ಷದ ಫೆಬ್ರವರಿಯಲ್ಲಿ ಎಂಬತ್ತರ ದಶಕದ ಹಾಡುಗಳನ್ನೇ ಮುಖ್ಯವಾಗಿಸಿಕೊಂಡ ವಿಶ್ವ ಪ್ರವಾಸವನ್ನು ತಂಡ ಮುಂಬಯಿಯಿಂದಲೇ ಆರಂಭಿಸಿತು. ‘ಸಮ್‌ವೇರ್ ಇನ್ ಟೈಮ್’ನ ಕೊನೆಯ ಹಾಡು ‘ಅಲೆಕ್ಸಾಂಡರ್ ದಿ ಗ್ರೇಟ್’ಗೆ ಮಾತ್ರ ಆಗಲೂ ವೇದಿಕೆ ಸಿಗಲಿಲ್ಲ. ಅಭಿಮಾನಿಗಳು ದಶಕಗಳ ಕಾಲ ಕೇಳುತ್ತ ಬಂದ ಆ ಹಾಡನ್ನು ತಂಡ ಜನರ ಮುಂದೆ ನುಡಿಸಿದ್ದು 2023ರಲ್ಲಿ, ಆ ಆಲ್ಬಮನ್ನೇ ಮುಖ್ಯವಾಗಿಟ್ಟುಕೊಂಡು ಹೊರಟ ಪ್ರವಾಸದಲ್ಲಿ. ಅಷ್ಟರಲ್ಲಿ ತಟ್ಟೆ ಹೊರಬಂದು 37 ವರ್ಷಗಳಾಗಿದ್ದವು.