ಬಿಡದ ಮಾಸು

ಮಗ್ಗೆಯ ಕಡೆ ಮನೆಯಲ್ಲೇ ಹೆರಿಗೆಯಾಗುತ್ತಿದ್ದ ಕಾಲದಲ್ಲಿ ಮಗು ಅತ್ತ ಮೇಲೂ ಸೂಲಗಿತ್ತಿಯ ಕೆಲಸ ಮುಗಿಯುತ್ತಿರಲಿಲ್ಲ, ಮಾಸು ಬೀಳಬೇಕಿತ್ತು. ಸಾಮಾನ್ಯವಾಗಿ ಅದು ಅರ್ಧ ಗಂಟೆಯೊಳಗೆ ತಾನೇ ಕಳಚಿಕೊಳ್ಳುತ್ತದೆ. ಅಪರೂಪಕ್ಕೆ ಗರ್ಭಕೋಶದ ಗೋಡೆಯೊಳಗೇ ಬೇರೂರಿಬಿಡುತ್ತದೆ. ಆಗ ಎಳೆದರೆ ರಕ್ತ ನಿಲ್ಲುವುದಿಲ್ಲ. ಪ್ಲಾಸೆಂಟಾ ಅಕ್ರೀಟಾ ಎಂಬ ಈ ತೊಂದರೆಯನ್ನು ಬಾಸ್ಟನ್ನಿನ ವೈದ್ಯರಾದ ಇರ್ವಿಂಗ್ ಮತ್ತು ಹರ್ಟಿಗ್ 1937ರಲ್ಲಿ ವಿವರವಾಗಿ ಬರೆದರು.

ಇದರ ಚಿಕಿತ್ಸೆ ಮಾತ್ರ ಇನ್ನೂ ಹಳೆಯದು. ಸಿಸೇರಿಯನ್ನಿನಲ್ಲಿ ಕೊಯ್ದ ಗರ್ಭಕೋಶವನ್ನು ಹೊಲಿಯುವ ರೂಢಿ ಹಿಂದೆ ಇರಲಿಲ್ಲ. ತಾಯಿ ಬದುಕುವುದೇ ಅಪರೂಪವಾಗಿತ್ತು. 1876ರಲ್ಲಿ ಇಟಲಿಯ ಪಾವಿಯಾದಲ್ಲಿ ಎಡೊವಾರ್ಡೊ ಪೊರ್ರೊ ಮಗುವನ್ನು ಹೊರತೆಗೆದು, ಗರ್ಭಕೋಶವನ್ನೇ ಕತ್ತರಿಸಿ ತೆಗೆದ. ತಾಯಿ, ಮಗು ಇಬ್ಬರೂ ಉಳಿದರು. 1882ರಲ್ಲಿ ಜರ್ಮನಿಯ ಮ್ಯಾಕ್ಸ್ ಸೇಂಗರ್ ಹೊಲಿಗೆಯ ಕ್ರಮ ತೋರಿಸಿದ ಮೇಲೆ ಪೊರ್ರೊನ ವಿಧಾನ ಹಿಂದೆ ಸರಿಯಿತು, ಸಿಸೇರಿಯನ್ ಹೆಚ್ಚಿತು. ವಿಚಿತ್ರವೆಂದರೆ, ಆ ಹೊಲಿಗೆಯ ಗುರುತಿನ ಮೇಲೇ ಮುಂದಿನ ಬಸಿರಿನ ಮಾಸು ಕಚ್ಚಿಕೊಳ್ಳತೊಡಗಿ, ಪೊರ್ರೊ ಮಾಡಿದ್ದನ್ನೇ ಮತ್ತೆ ಮಾಡಬೇಕಾಯಿತು!

ಈಗ ಸ್ಕ್ಯಾನಿಂಗಿನಲ್ಲಿ ಸುಳಿವು ಸಿಗುತ್ತದೆ: ಹಳೆಯ ಗಾಯದ ಮೇಲೆ ಕೂತ ಮಾಸು, ಅದರೊಳಗೆ ರಕ್ತ ತುಂಬಿದ ಕಪ್ಪು ಪೊಳ್ಳುಗಳು. ಸ್ಕ್ಯಾನಿಂಗ್ ಎಲ್ಲವನ್ನೂ ಹಿಡಿಯುವುದಿಲ್ಲ. ಹಿಂದಿನ ಸಿಸೇರಿಯನ್ ವಿಷಯ ವೈದ್ಯರಿಗೆ ಹೇಳುವುದೂ ಅಷ್ಟೇ ಮುಖ್ಯ. ಸುಳಿವು ಮೊದಲೇ ಸಿಕ್ಕರೆ ಮಗ್ಗೆಯ ಬಸುರಿ ನೋವು ಶುರುವಾಗುವ ಮುಂಚೆಯೇ ಹಾಸನ ಸೇರಬಹುದು. ಅಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜು ಬಂದದ್ದು 2006ರಲ್ಲಿ. ಇಂಥ ಹೆರಿಗೆಗೆ ಸಾಮಾನ್ಯವಾಗಿ 34ರಿಂದ 36ನೇ ವಾರದೊಳಗೆ ದಿನ ಗೊತ್ತುಮಾಡಿ, ರಕ್ತ ಹೊಂದಿಸಿಟ್ಟುಕೊಂಡು, ಮಗುವನ್ನು ತೆಗೆದ ಮೇಲೆ ಮಾಸನ್ನು ಕೀಳದೆ ಗರ್ಭಕೋಶದ ಸಮೇತ ತೆಗೆಯುತ್ತಾರೆ. ತಾಯಿ ಉಳಿಯುತ್ತಾಳೆ, ಮತ್ತೊಂದು ಬಸಿರಿನ ಆಸೆ ಉಳಿಯುವುದಿಲ್ಲ.