ಲ್ಯಾಟಿನ್ ಸ್ವರ, ಕನ್ನಡ ನುಡಿ: ಮೈಸೂರು ಸೀಮೆಯ ಕಥೋಲಿಕ ಗಾನಪರಂಪರೆ

ಕೊರಟಗೆರೆ ತಾಲ್ಲೂಕಿನ ಹೊಳವನಹಳ್ಳಿಯು ಆವತಿ ನಾಡಪ್ರಭುಗಳ ವಂಶದ ಒಂದು ಕವಲಿನ ಪಾಳೆಯಪಟ್ಟಾಗಿ ಚರಿತ್ರೆಯ ವಿದ್ಯಾರ್ಥಿಗಳಿಗೆ ಪರಿಚಿತವಾದ ಊರು. ಅದೇ ವಂಶದ ಬೇರೆ ಕವಲುಗಳು ಆಳಿದ ದೇವನಹಳ್ಳಿ ಮತ್ತು ಚಿಕ್ಕಬಳ್ಳಾಪುರಗಳು 18ನೆಯ ಶತಮಾನದ ಮೊದಲ ದಶಕಗಳಲ್ಲಿ ಫ್ರೆಂಚ್ ಯೇಸುಸಭೆಯ ಪಾದ್ರಿಗಳ ಕರ್ನಾಟಕ ಮಿಷನ್ನಿಗೆ ನೆಲೆಗಳಾಗಿದ್ದವು. ಅಲ್ಲಿಂದ ಅವರು ಯೂರೋಪಿಗೆ ಬರೆದ ಪತ್ರಗಳು ಅಚ್ಚಾಗಿ, ಈ ಸೀಮೆಯ ಪಾಳೆಯಗಾರರ ಕಾಲವನ್ನು ಅರಿಯಲು ಒಂದು ಆಕರವಾಗಿ ಉಳಿದಿವೆ. ಇಂದು ತುಮಕೂರು ಜಿಲ್ಲೆಯ ಕಥೋಲಿಕ ಧರ್ಮಕೇಂದ್ರಗಳು ಬೆಂಗಳೂರು ಮಹಾಧರ್ಮಕ್ಷೇತ್ರಕ್ಕೆ ಸೇರಿವೆ. ಆದ್ದರಿಂದ ಈ ಭಾಗದಲ್ಲಿ ಲ್ಯಾಟಿನ್ ಪೂಜಾಗಾನದ ಕತೆಯೆಂದರೆ ಮೈಸೂರು ಮಿಷನ್ನಿನ ಕತೆಯೇ. ಸುಮಾರು ಮೂರು ಶತಮಾನಗಳ ಕಾಲ ಕನ್ನಡ ಮಾತಾಡುವ ಜನರು ತಮಗೆ ಅರ್ಥವಾಗದ ಭಾಷೆಯೊಂದರಲ್ಲಿ ದೇವರನ್ನು ಹಾಡಿ ಹೊಗಳಿದರು. ಬಳಿಕ ಒಂದು ದಶಕದೊಳಗೆ ಆ ಹಾಡು ನಿಂತುಹೋಯಿತು. ಅದು ಹೇಗೆ ಬಂದಿತು, ಏಕೆ ನಿಂತಿತು, ನಿಂತಾಗ ಯಾವ ಪ್ರಶ್ನೆಗಳನ್ನು ಎಬ್ಬಿಸಿತು ಎಂಬುದು ಸಾಹಿತ್ಯ ಮತ್ತು ಸಂಗೀತದ ಅಭ್ಯಾಸಿಗಳಿಬ್ಬರೂ ಗಮನಿಸಬೇಕಾದ ವಿಷಯವಾಗಿದೆ.

ಒಳಗಿನ ಲ್ಯಾಟಿನ್, ಹೊರಗಿನ ತಮಟೆ

ಕನ್ನಡನಾಡಿಗೆ ಲ್ಯಾಟಿನ್ ಪೂಜಾವಿಧಿ ಎರಡು ದಾರಿಗಳಿಂದ ಬಂದಿತು. ಮೊದಲನೆಯದು ಗೋವೆಯಿಂದ ಕರಾವಳಿಗೆ ಇಳಿದ ದಾರಿ. ಗೋವೆಯಲ್ಲಿ 16ನೆಯ ಶತಮಾನದಲ್ಲಿ ಬೆಳೆದ ಇಗರ್ಜಿ ಶಾಲೆಗಳು ಹುಡುಗರಿಗೆ ಓದುಬರಹದ ಜೊತೆಗೆ ಪೂಜಾಗಾನವನ್ನೂ ಕಲಿಸುತ್ತಿದ್ದವು. ಅಲ್ಲಿಂದ ವಲಸೆ ಬಂದ ಕೊಂಕಣಿ ಕ್ರೈಸ್ತರು ಆ ಸಂಸ್ಕಾರವನ್ನು ಮಂಗಳೂರು ಸೀಮೆಗೆ ತಂದರು. ಎರಡನೆಯದು ಒಳನಾಡಿನ ದಾರಿ. 17ನೆಯ ಶತಮಾನದ ನಡುವೆ ಶ್ರೀರಂಗಪಟ್ಟಣಕ್ಕೆ ಬಂದ ಇಟಲಿಯ ಯೇಸುಸಭೆಯ ಪಾದ್ರಿ ಲಿಯೊನಾರ್ಡೊ ಚಿನ್ನಮಿಯಿಂದ ಮೈಸೂರು ಮಿಷನ್ನು ಮೊದಲಾಯಿತು. 1773ರಲ್ಲಿ ಯೇಸುಸಭೆಯನ್ನು ಪೋಪರು ವಿಸರ್ಜಿಸಿದ ಬಳಿಕ, ತಮಿಳುನಾಡು ಮತ್ತು ಮೈಸೂರಿನ ಹೊಣೆಯು ಪ್ಯಾರಿಸ್ಸಿನ ವಿದೇಶೀ ಮಿಷನ್ನಿನ ಪಾದ್ರಿಗಳಿಗೆ ಬಂದಿತು.

ಆ ಪಾದ್ರಿಗಳ ಪೈಕಿ ಹೆಸರಾಂತವನು ಅಬ್ಬೆ ದ್ಯುಬುವಾ. 1799ರಲ್ಲಿ ಶ್ರೀರಂಗಪಟ್ಟಣವು ಪತನವಾದ ಮೇಲೆ ಚದುರಿಹೋಗಿದ್ದ ಕ್ರೈಸ್ತರನ್ನು ಮತ್ತೆ ಒಗ್ಗೂಡಿಸಲು ಅವನು ಮೈಸೂರು ಸೀಮೆಗೆ ಬಂದನು, 1823ರವರೆಗೆ ಭಾರತದಲ್ಲಿದ್ದನು. ಭಾರತದ ಕ್ರೈಸ್ತಧರ್ಮದ ಸ್ಥಿತಿಗತಿಯನ್ನು ಕುರಿತು ಅವನು ಬರೆದ ಪತ್ರಗಳ ಸಂಗ್ರಹವು ಅದೇ ವರ್ಷ ಲಂಡನ್ನಿನಲ್ಲಿ ಪ್ರಕಟವಾಯಿತು. ಅದರಲ್ಲಿ ಅವನು ದೇಶೀಯ ಕ್ರೈಸ್ತರ ರಾತ್ರಿ ಮೆರವಣಿಗೆಗಳನ್ನು ವರ್ಣಿಸುತ್ತಾನೆ. ನೂರಾರು ತಮಟೆಗಳು, ಕಹಳೆಗಳು, ಕಿವಿಗೆ ಒಗ್ಗದ ವಾದ್ಯಘೋಷ. ಇದನ್ನೆಲ್ಲ ಕಂಡು ತನಗೆ ಯಾವಾಗಲೂ ನಾಚಿಕೆಯಾಗುತ್ತಿತ್ತು ಎಂದು ಅವನು ಒಪ್ಪಿಕೊಳ್ಳುತ್ತಾನೆ. ಪಾದ್ರಿಯ ನಾಚಿಕೆಯನ್ನು ಬದಿಗಿಟ್ಟು ಓದಿದರೆ ಈ ಮಾತು ಒಂದು ಅಮೂಲ್ಯ ದಾಖಲೆಯಾಗಿದೆ. ಬಲಿಪೀಠದ ಬಳಿ ಲ್ಯಾಟಿನ್ ಮಂತ್ರಗಳಿದ್ದವು, ಬೀದಿಯಲ್ಲಿ ಊರಿನ ವಾದ್ಯಗಳಿದ್ದವು. ದೇವಾಲಯದ ಹೊಸ್ತಿಲು ಎರಡು ನಾದಲೋಕಗಳ ನಡುವಿನ ಗಡಿಯಾಗಿತ್ತು, ಮತ್ತು ಭಕ್ತನು ಎರಡರಲ್ಲಿಯೂ ಬಾಳುತ್ತಿದ್ದನು.

ನಿಘಂಟು ಮತ್ತು ಲಿಪಿ

ಲ್ಯಾಟಿನ್ ಮತ್ತು ಕನ್ನಡಗಳು ನೇರವಾಗಿ ಮುಖಾಮುಖಿಯಾದುದು 19ನೆಯ ಶತಮಾನದ ನಡುವೆ. ಮೈಸೂರಿನ ಧರ್ಮಾಧ್ಯಕ್ಷರಾಗಿದ್ದ ಶಾರ್ಬೊನೋ ಅವರ ಕಾಲದಲ್ಲಿ, 1855ರಲ್ಲಿ ಕನ್ನಡ-ಲ್ಯಾಟಿನ್ ನಿಘಂಟೂ 1861ರಲ್ಲಿ ಲ್ಯಾಟಿನ್-ಕನ್ನಡ ನಿಘಂಟೂ ಬೆಂಗಳೂರಿನಲ್ಲಿ ಅಚ್ಚಾದವು. ಕಿಟ್ಟೆಲರ ನಿಘಂಟು 1894ರದು ಎಂಬುದನ್ನು ನೆನೆದರೆ ಈ ಕೆಲಸದ ಹಿರಿತನ ತಿಳಿಯುತ್ತದೆ. ಇಂಗ್ಲಿಷಿನ ಹಂಗಿಲ್ಲದೆ ಕನ್ನಡದ ಪದಗಳಿಗೆ ಲ್ಯಾಟಿನ್ನಿನಲ್ಲಿ ಅರ್ಥ ಹೇಳುವ ಈ ಕೃತಿಗಳು ಮುಖ್ಯವಾಗಿ ಗುರುಮಠದ ವಿದ್ಯಾರ್ಥಿಗಳಿಗೆ ಮತ್ತು ಹೊಸದಾಗಿ ಬಂದ ಪಾದ್ರಿಗಳಿಗೆ ಉಪಯುಕ್ತವಾದವು. ಹಳ್ಳಿಯ ಗಾನವೃಂದದ ಹಾಡುಗಾರನಿಗೆ ಅವು ಎಟುಕುವಂತಿರಲಿಲ್ಲ.

ರೋಮನ್ ಲಿಪಿ ತಿಳಿಯದ ಆ ಹಾಡುಗಾರನ ಮುಂದಿದ್ದುದು ಎರಡೇ ದಾರಿ: ಉಪದೇಶಿಯ ಬಾಯಿಂದ ಕೇಳಿ ಬಾಯಿಪಾಠ ಮಾಡುವುದು, ಇಲ್ಲವೇ ಲ್ಯಾಟಿನ್ನನ್ನು ತನ್ನ ಲಿಪಿಯಲ್ಲಿಯೇ ಬರೆದುಕೊಳ್ಳುವುದು. ಕೇಳಿದುದನ್ನು ಬರೆಯುವುದು ಕನ್ನಡ ಲಿಪಿಗೆ ಸಹಜವಾದ ಕೆಲಸ. ಆದರೆ ಕೇಳಿದುದು ಯಾರ ಉಚ್ಚಾರಣೆಯನ್ನು? ಫ್ರೆಂಚರು ಲ್ಯಾಟಿನ್ನನ್ನು ತಮ್ಮ ಭಾಷೆಯ ಜಾಡಿನಲ್ಲಿ ಉಚ್ಚರಿಸುತ್ತಿದ್ದರು; ಇಟಲಿಯವರದು ಬೇರೆ ರೀತಿ. ಮೈಸೂರಿನಲ್ಲಿದ್ದವರು ಫ್ರೆಂಚ್ ಪಾದ್ರಿಗಳು, 1878ರ ಕೊನೆಯ ದಿನ ಮಂಗಳೂರಿಗೆ ಬಂದಿಳಿದವರು ಇಟಲಿಯ ಯೇಸುಸಭೆಯವರು. ಘಟ್ಟದ ಮೇಲೂ ಕೆಳಗೂ ಒಂದೇ ಮಂತ್ರವು ಎರಡು ಉಚ್ಚಾರಣೆಗಳಲ್ಲಿ ಕಲಿಸಲ್ಪಡಲು ಇಷ್ಟೇ ಸಾಕು. 1912ರಲ್ಲಿ ಪೋಪ್ ಹತ್ತನೆಯ ಪಿಯುಸ್ ಅವರು ಫ್ರಾನ್ಸಿನ ಧರ್ಮಾಧ್ಯಕ್ಷರೊಬ್ಬರಿಗೆ ಬರೆದ ಪತ್ರದಲ್ಲಿ ರೋಮಿನ ಉಚ್ಚಾರಣೆಯನ್ನು ಮೆಚ್ಚಿ ಹೇಳಿದ ಬಳಿಕವಷ್ಟೇ ಫ್ರೆಂಚ್ ರೂಢಿ ನಿಧಾನವಾಗಿ ಬದಲಾಯಿತು. ‘ದೇವರ ಕುರಿಮರಿ’ ಎಂಬ ಅರ್ಥದ ಪ್ರಾರ್ಥನೆಯ ಮೊದಲ ಪದವನ್ನು ‘ಅಗ್ನುಸ್’ ಎಂದು ಬರೆಯಬೇಕೇ, ‘ಆಞುಸ್’ ಎಂದು ಬರೆಯಬೇಕೇ ಎಂಬುದು ಕೇವಲ ಕಾಗುಣಿತದ ಪ್ರಶ್ನೆಯಲ್ಲ; ಕಲಿಸಿದವನು ಎಲ್ಲಿಂದ ಬಂದವನು ಎಂಬುದಕ್ಕೆ ಅದೇ ಸಾಕ್ಷಿ.

1903ರ ಕಟ್ಟಳೆ

ಧರ್ಮಕೇಂದ್ರದ ಗಾನವೃಂದಕ್ಕೆ ವರ್ಷವಿಡೀ ಕೆಲಸವಿರುತ್ತಿತ್ತು. ಭಾನುವಾರದ ಗಾನಬಲಿಪೂಜೆಯಲ್ಲಿ ಕೀರಿಯೆ, ಗ್ಲೋರಿಯ, ಕ್ರೇದೊ, ಸಾಂಕ್ತುಸ್, ಆಞುಸ್ ದೇಯಿ ಎಂಬ ಐದು ಸ್ಥಿರ ಗಾನಗಳು. ಪರಮಪ್ರಸಾದದ ಆರಾಧನೆಯಲ್ಲಿ ತಾಂತುಮ್ ಎರ್ಗೊ. ಸಾವಿನ ಮನೆಯ ಪೂಜೆಯಲ್ಲಿ ದಿಯೆಸ್ ಈರೆ. ಪವಿತ್ರ ವಾರದಲ್ಲಿ ಯೆರೆಮೀಯನ ಪ್ರಲಾಪಗಳು. ಇವುಗಳಲ್ಲಿ ಮೊದಲನೆಯದಾದ ಕೀರಿಯೆಯ ಭಾಷೆ ಲ್ಯಾಟಿನ್ ಅಲ್ಲ, ಗ್ರೀಕ್. ರೋಮಿನ ಪೂಜೆಯೂ ಒಂದು ಕಾಲಕ್ಕೆ ಗ್ರೀಕಿನಿಂದ ಲ್ಯಾಟಿನ್ನಿಗೆ, ಅಂದರೆ ಅಂದಿನ ಜನಭಾಷೆಗೆ ಬದಲಾಗಿತ್ತು ಎಂಬುದರ ನೆನಪನ್ನು ಆ ಪದ ಉಳಿಸಿಕೊಂಡಿದೆ.

ಗ್ರೆಗೋರಿಯನ್ ಗಾನವೆಂದು ಕರೆಯಲ್ಪಡುವ ಈ ಸಂಗೀತವು 590ರಿಂದ 604ರವರೆಗೆ ಪೋಪರಾಗಿದ್ದ ಮಹಾ ಗ್ರೆಗೊರಿಯ ಹೆಸರನ್ನು ಹೊತ್ತಿದೆ. ಅದು ಈಗಿನ ರೂಪಕ್ಕೆ ಬಂದದ್ದು ಮಾತ್ರ 8-9ನೆಯ ಶತಮಾನಗಳ ಫ್ರಾಂಕ್ ರಾಜ್ಯದಲ್ಲಿ. ಕಾಲಕ್ರಮದಲ್ಲಿ ಕೆಟ್ಟುಹೋಗಿದ್ದ ಪಾಠಗಳನ್ನು 19ನೆಯ ಶತಮಾನದಲ್ಲಿ ಫ್ರಾನ್ಸಿನ ಸೊಲೆಮ್ ಮಠದ ಸಂನ್ಯಾಸಿಗಳು ಹಳೆಯ ಹಸ್ತಪ್ರತಿಗಳನ್ನು ಹೋಲಿಸಿ ಪರಿಷ್ಕರಿಸಿದರು. ಕನ್ನಡದ ಗ್ರಂಥಸಂಪಾದನೆಯನ್ನು ಬಲ್ಲವರಿಗೆ ಈ ಶ್ರಮ ಸುಲಭವಾಗಿ ಅರ್ಥವಾಗುತ್ತದೆ. 1903ರ ನವೆಂಬರ್ 22ರಂದು ಹತ್ತನೆಯ ಪಿಯುಸ್ ಅವರು ಹೊರಡಿಸಿದ ಆಜ್ಞಾಪತ್ರವು ಈ ಗಾನವನ್ನೇ ಪೂಜಾಸಂಗೀತದ ಮಾದರಿಯೆಂದು ಸಾರಿತು. ಅದರ ಬೆನ್ನಿಗೆ 1908ರಲ್ಲಿ ವ್ಯಾಟಿಕನ್ನಿನ ಅಧಿಕೃತ ಗಾನಗ್ರಂಥವು ಪ್ರಕಟವಾಯಿತು.

ಆ ಆಜ್ಞಾಪತ್ರದ ನಿಷೇಧಗಳು ಕನ್ನಡನಾಡಿನಂಥ ಸೀಮೆಗೆ ಹೆಚ್ಚು ತಟ್ಟುವಂಥವು. ಗಾನಬಲಿಪೂಜೆಯಲ್ಲಿ ಜನಭಾಷೆಯ ಹಾಡು ಕೂಡದು. ಡೋಲು ತಾಳಗಳಂಥ ಗದ್ದಲದ ವಾದ್ಯಗಳು ಕೂಡದು. ಗಾಯನವು ಪೂಜಾಕಾರ್ಯದ ಅಂಗವಾದುದರಿಂದ ಹೆಂಗಸರು ಗಾನವೃಂದದಲ್ಲಿ ಇರಕೂಡದು. ಎತ್ತರದ ಸ್ಥಾಯಿ ಬೇಕಾದಲ್ಲಿ ಹುಡುಗರಿಂದ ಹಾಡಿಸಬೇಕು. ಸೋಬಾನೆಯಿಂದ ಬೀಸುವ ಪದದವರೆಗೆ ಹಾಡಿನ ಬಹುಪಾಲನ್ನು ಹೆಂಗಸರೇ ಹೊತ್ತುಕೊಂಡು ಬಂದ ನಾಡಿಗೆ ಈ ಕಟ್ಟಳೆ ಎಷ್ಟು ದೂರದ್ದೆಂದು ವಿವರಿಸಬೇಕಾಗಿಲ್ಲ. 1955ರಲ್ಲಿ ಹನ್ನೆರಡನೆಯ ಪಿಯುಸ್ ಅವರ ಸಂಗೀತ ಸಂಬಂಧಿ ವಿಶ್ವಪತ್ರವು ಕೆಲವು ನಿಬಂಧನೆಗಳೊಡನೆ ಇದನ್ನು ಸಡಿಲಿಸಿತು.

ಸ್ವರ ಮತ್ತು ಛಂದಸ್ಸು

ಪಾಶ್ಚಾತ್ಯ ಸಂಗೀತವೆಂದರೆ ಹಲವು ಸ್ವರಗಳ ಏಕಕಾಲದ ಮೇಳವೆಂಬುದು ಸಾಮಾನ್ಯ ತಿಳಿವಳಿಕೆ. ಗ್ರೆಗೋರಿಯನ್ ಗಾನದಲ್ಲಿ ಅದಿಲ್ಲ. ಎಲ್ಲರೂ ಒಂದೇ ಸ್ವರಪಂಕ್ತಿಯನ್ನು ಹಾಡುತ್ತಾರೆ. ತಾಳದ ಆವರ್ತವೂ ಇಲ್ಲ, ಮಾತಿನ ಓಟವೇ ಲಯ. ಎಂಟು ಧಾಟಿಗಳ ಅದರ ವ್ಯವಸ್ಥೆಯು ಕರ್ನಾಟಕ ಸಂಗೀತವನ್ನು ಬಲ್ಲವರಿಗೆ ಪರಕೀಯವೆನಿಸದು. ಡೋರಿಯನ್ ಧಾಟಿಯ ಸ್ವರಶ್ರೇಣಿ ಖರಹರಪ್ರಿಯದ್ದು, ಫ್ರಿಜಿಯನ್ನಿನದು ಹನುಮತೋಡಿಯದು, ಲಿಡಿಯನ್ನಿನದು ಮೇಚಕಲ್ಯಾಣಿಯದು, ಮಿಕ್ಸೋಲಿಡಿಯನ್ನಿನದು ಹರಿಕಾಂಭೋಜಿಯದು. ಗಮಕಗಳೂ ಸಂಚಾರಗಳೂ ಬೇರೆಯಾದುದರಿಂದ ಇವು ರಾಗಗಳಾಗುವುದಿಲ್ಲ. ಆದರೆ ಪ್ರತಿ ಧಾಟಿಗೂ ಮುಕ್ತಾಯದ ಸ್ವರವೊಂದು, ಗಾನವು ಹೆಚ್ಚು ನೆಲಸುವ ಸ್ವರವೊಂದು ಇರುವುದು ನಮ್ಮ ನ್ಯಾಸ ಮತ್ತು ಅಂಶ ಸ್ವರಗಳನ್ನು ನೆನಪಿಸುತ್ತದೆ. 11ನೆಯ ಶತಮಾನದ ಗುಯಿದೊ ಎಂಬ ಸಂನ್ಯಾಸಿಯು ಸ್ತೋತ್ರವೊಂದರ ಪಾದಗಳ ಮೊದಲ ಅಕ್ಷರಗಳಿಂದ ಸ್ವರನಾಮಗಳನ್ನು ಮಾಡಿದನು. ನಮ್ಮ ಸರಿಗಮಗಳೂ ಷಡ್ಜ, ಋಷಭ ಮೊದಲಾದ ಹೆಸರುಗಳ ಆದ್ಯಕ್ಷರಗಳೇ.

ಕೀರ್ತನೆಗಳನ್ನು ಹಾಡುವ ಕ್ರಮದಲ್ಲಿ ಹೋಲಿಕೆ ಇನ್ನೂ ಸ್ಪಷ್ಟವಾಗಿದೆ. ಒಂದು ಸಣ್ಣ ಏರಿಕೆಯಿಂದ ಎತ್ತಿಕೊಂಡು, ಒಂದೇ ಸ್ವರದ ಮೇಲೆ ಮಾತನ್ನೆಲ್ಲ ಸಾಗಿಸಿ, ಅರ್ಧದಲ್ಲಿ ಸ್ವಲ್ಪ ತಂಗಿ, ಕೊನೆಗೆ ಇಳಿಸಿ ಮುಗಿಸುವ ರೀತಿ ಅದು. ಮಾತಿನ ಸ್ಪಷ್ಟತೆಗೆ ಸ್ವರವು ಅಧೀನವಾಗಿರಬೇಕೆಂಬ ಗಮಕಿಯ ನಿಯಮವೇ ಇಲ್ಲಿಯೂ ನಡೆಯುತ್ತದೆ. ಆಲೆಲೂಯದ ಕೊನೆಯ ಸ್ವರಾಕ್ಷರವನ್ನು ಮಾತಿಲ್ಲದೆ ಬಹುದೂರ ವಿಸ್ತರಿಸುವ ಪದ್ಧತಿಯನ್ನು ಕೇಳಿದವರಿಗೆ ಆಕಾರದ ಆಲಾಪನೆ ನೆನಪಾಗದಿರದು. ಮಾತಿಗೆ ನಿಲುಕದ ಆನಂದವು ಅಂಥ ಗಾನವಾಗುತ್ತದೆ ಎಂಬುದು ಸಂತ ಅಗಸ್ಟೀನನ ವಿವರಣೆ.

ಇಷ್ಟು ಹತ್ತಿರದ ಸಂಗೀತಕ್ಕೆ ಕನ್ನಡ ಪದಗಳನ್ನು ಹೊಂದಿಸುವುದು ಮಾತ್ರ ಸುಲಭವಲ್ಲ. ಲ್ಯಾಟಿನ್ ಪದದಲ್ಲಿ ಒತ್ತು ಸಾಮಾನ್ಯವಾಗಿ ಉಪಾಂತ್ಯ ಅಥವಾ ಅದರ ಹಿಂದಿನ ಅಕ್ಷರದ ಮೇಲೆ ಬೀಳುತ್ತದೆ. ಸ್ವರದ ಏರಿಕೆಯು ಬಹುಮಟ್ಟಿಗೆ ಅದನ್ನು ಅನುಸರಿಸುತ್ತದೆ. ಕನ್ನಡದಲ್ಲಿ ಅರ್ಥದ ಭಾರ ಪದದ ಮೊದಲಲ್ಲಿದ್ದು, ಕೊನೆಯಲ್ಲಿ ವಿಭಕ್ತಿ ಪ್ರತ್ಯಯಗಳು ಸಾಲುಗಟ್ಟುತ್ತವೆ. ‘ದೇವರಿಗೆ’ ಎಂಬ ಪದವನ್ನು ಲ್ಯಾಟಿನ್ ಧಾಟಿಗೆ ಹಾಗೆಯೇ ಕೂರಿಸಿದರೆ ಸ್ವರದ ಶಿಖರವು ದೇವರ ಮೇಲಲ್ಲ, ‘ರಿಗೆ’ಯ ಮೇಲೆ ಬೀಳುತ್ತದೆ. ಮಧ್ಯಯುಗದ ಲ್ಯಾಟಿನ್ ಸ್ತೋತ್ರಗಳದು ಅಕ್ಷರಸಂಖ್ಯೆ, ಒತ್ತು ಮತ್ತು ಅಂತ್ಯಪ್ರಾಸಗಳ ಛಂದಸ್ಸು. ಕನ್ನಡದ್ದು ಮಾತ್ರಾಗಣ ಮತ್ತು ಆದಿಪ್ರಾಸಗಳ ಸಂಪ್ರದಾಯ. ಈ ತೊಡಕನ್ನು ಪ್ರಾಟೆಸ್ಟಂಟ್ ಬಾಸೆಲ್ ಮಿಷನ್ನಿನ ಕಿಟ್ಟೆಲರು ಚೆನ್ನಾಗಿ ಅರಿತಿದ್ದರು. 1862ರಲ್ಲಿ ಅವರು ಯೇಸುವಿನ ಕತೆಯನ್ನು ದೇಶೀಯ ಛಂದೋರೂಪಗಳಲ್ಲಿ ‘ಕಥಾಮಾಲೆ’ಯಾಗಿ ರಚಿಸಿದರು, ಮುಂದೆ 1875ರಲ್ಲಿ ನಾಗವರ್ಮನ ‘ಛಂದೋಂಬುಧಿ’ಯನ್ನು ಸಂಪಾದಿಸಿದರು. ಕಥೋಲಿಕರ ಪೂಜೆಯಲ್ಲಿ ಅಂಥ ಪ್ರಯೋಗಕ್ಕೆ ಎಡೆಯಿರಲಿಲ್ಲ. ಕನ್ನಡದ ಭಕ್ತಿಗೀತೆಗಳಿಗೆ ಮೆರವಣಿಗೆ, ಜಪಸರ, ಮನೆಯ ಪ್ರಾರ್ಥನೆಗಳೇ ಆಸರೆಯಾದವು.

ಮಹಾಸಭೆಯ ಬಳಿಕ

1963ರ ಡಿಸೆಂಬರ್ 4ರಂದು ಎರಡನೆಯ ವ್ಯಾಟಿಕನ್ ಮಹಾಸಭೆಯು ಪೂಜಾವಿಧಿಯ ಸಂವಿಧಾನವನ್ನು ಅಂಗೀಕರಿಸಿತು. ಅದು ಲ್ಯಾಟಿನ್ನನ್ನು ತೆಗೆದುಹಾಕಿತೆಂಬುದು ಜನಜನಿತವಾದ ತಪ್ಪು ಗ್ರಹಿಕೆ. ಅದರ 36ನೆಯ ಪರಿಚ್ಛೇದವು ಲ್ಯಾಟಿನ್ನನ್ನು ಉಳಿಸಿಕೊಂಡೇ ಜನಭಾಷೆಗಳಿಗೆ ಎಡೆಮಾಡಿತು. 116ನೆಯದು ಗ್ರೆಗೋರಿಯನ್ ಗಾನಕ್ಕೆ ಅಗ್ರಸ್ಥಾನವಿತ್ತಿತು. 119ನೆಯದು ಮಿಷನ್ ನಾಡುಗಳ ಸ್ವಂತ ಸಂಗೀತ ಪರಂಪರೆಗಳಿಗೆ ಗೌರವ ಸಲ್ಲಬೇಕೆಂದಿತು. ಮೂರನ್ನೂ ಒಟ್ಟಿಗೆ ನಡೆಸುವುದು ಕಠಿನವಾಗಿತ್ತು. 1967ರಲ್ಲಿ ಬೆಂಗಳೂರಿನಲ್ಲಿ ಅಮಲೋರ್ಪವದಾಸರ ನೇತೃತ್ವದಲ್ಲಿ ರಾಷ್ಟ್ರೀಯ ಬೈಬಲ್, ಧರ್ಮೋಪದೇಶ ಮತ್ತು ಪೂಜಾವಿಧಿ ಕೇಂದ್ರವು ಆರಂಭವಾಯಿತು. 1969ರಲ್ಲಿ ಆರತಿ, ಅಂಜಲಿ ಮುದ್ರೆ, ನೆಲದ ಮೇಲೆ ಕುಳಿತು ಪೂಜಿಸುವುದು ಮೊದಲಾದ ಹನ್ನೆರಡು ಭಾರತೀಯ ಅಂಶಗಳಿಗೆ ರೋಮಿನಿಂದ ಒಪ್ಪಿಗೆ ದೊರೆಯಿತು. ಭಜನೆ ಒಳಗೆ ಬಂದಿತು, ತಬಲ ಒಳಗೆ ಬಂದಿತು. ದ್ಯುಬುವಾ ನಾಚಿದ ಹೊಸ್ತಿಲನ್ನು ಊರಿನ ವಾದ್ಯಗಳು ದಾಟಿದವು.

ಆದರೆ ಲ್ಯಾಟಿನ್ ತೆರವು ಮಾಡಿದ ಜಾಗದಲ್ಲಿ ಇನ್ನೊಂದು ಪ್ರಶ್ನೆ ಕಾದಿತ್ತು. ಲ್ಯಾಟಿನ್ ಯಾರ ಮನೆಮಾತೂ ಆಗಿರಲಿಲ್ಲ. ಹಾಗಾಗಿ ಅದರ ಮುಂದೆ ಕನ್ನಡ, ತಮಿಳು, ಕೊಂಕಣಿ, ಇಂಗ್ಲಿಷ್ ಮಾತಾಡುವವರೆಲ್ಲರೂ ಸಮಾನರಾಗಿದ್ದರು. ಪೂಜೆ ಜನಭಾಷೆಯಲ್ಲಿ ನಡೆಯಬೇಕೆಂದಾಗ, ಯಾವ ಜನರ ಭಾಷೆಯಲ್ಲಿ ಎಂಬ ಪ್ರಶ್ನೆ ಎದ್ದಿತು. ಬೆಂಗಳೂರಿನ ಧರ್ಮಕೇಂದ್ರಗಳಲ್ಲಿ ಅದು ದಶಕಗಳ ಕಾಲ ನೋವಿನ ವಿವಾದವಾಯಿತು. ಕನ್ನಡ ಕಥೋಲಿಕರು ತಮ್ಮ ನಾಡಿನ ದೇವಾಲಯಗಳಲ್ಲಿ ತಮ್ಮ ನುಡಿಗೆ ಸ್ಥಾನ ಕೇಳಬೇಕಾಯಿತು. ಒಂದು ಪರಭಾಷೆಯು ಇಷ್ಟು ಕಾಲ ಮರೆಮಾಡಿದ್ದ ಸಾಮಾಜಿಕ ಸತ್ಯವು ಅದು ಹೋದೊಡನೆ ಬಯಲಾಯಿತು. ಲ್ಯಾಟಿನ್ನಿನ ಕಾಲವನ್ನು ಸಾಮರಸ್ಯದ ಕಾಲವೆಂದು ಹಂಬಲಿಸುವವರೂ, ಬರಿಯ ದಾಸ್ಯದ ಕಾಲವೆಂದು ತಳ್ಳಿಹಾಕುವವರೂ ಗಮನಿಸಬೇಕಾದ ಅಂಶವಿದು.

1974ರಲ್ಲಿ ಆರನೆಯ ಪೌಲರು ಎಲ್ಲ ಭಕ್ತರಿಗೂ ತಿಳಿದಿರಬೇಕಾದ ಕನಿಷ್ಠ ಲ್ಯಾಟಿನ್ ಗಾನಗಳ ಕಿರುಹೊತ್ತಗೆಯೊಂದನ್ನು ಜಗತ್ತಿನ ಧರ್ಮಾಧ್ಯಕ್ಷರಿಗೆಲ್ಲ ಕಳುಹಿಸಿದರು. ಅಷ್ಟರಲ್ಲಿ ಹೆಚ್ಚಿನ ಕಡೆ ಕಲಿಸುವವರ ಸರಪಳಿ ಕಡಿದುಹೋಗಿತ್ತು. ಮಹಾಸಭೆ ಮುಗಿದ 1965ರಲ್ಲಿ ಹದಿನೈದು ವರ್ಷದ ಹುಡುಗನಾಗಿ ಗಾನವೃಂದದಲ್ಲಿ ನಿಂತಿದ್ದವನಿಗೆ ಇಂದು ಎಪ್ಪತ್ತೈದು ದಾಟಿದೆ. ಅವನಿಗೆ ನೆನಪಿರುವ ಧಾಟಿ, ಅವನ ಉಚ್ಚಾರಣೆ, ಕನ್ನಡ ಅಕ್ಷರಗಳಲ್ಲಿ ಬರೆದುಕೊಂಡ ಲ್ಯಾಟಿನ್ ಹಾಳೆ ಎಲ್ಲಿಯಾದರೂ ಉಳಿದಿದ್ದರೆ ಅದು, ಇವು ಧರ್ಮದ ಅವಶೇಷಗಳಷ್ಟೇ ಅಲ್ಲ. ಪರಭಾಷೆಯ ಧ್ವನಿಗಳನ್ನು ಕನ್ನಡದ ಕಿವಿ ಹೇಗೆ ಕೇಳಿತು, ಕನ್ನಡದ ಲಿಪಿ ಹೇಗೆ ಹಿಡಿದಿಟ್ಟಿತು ಎಂಬುದಕ್ಕೆ ಅವು ಭಾಷಾಚರಿತ್ರೆಯ ದಾಖಲೆಗಳು. ಶಾಸನಗಳನ್ನು ಅರಸಿ ಊರೂರು ಅಲೆಯುವ ಸಂಶೋಧಕರು ಹಳೆಯ ಧರ್ಮಕೇಂದ್ರಗಳ ಕಪಾಟುಗಳನ್ನೂ ತೆರೆಸಿ ನೋಡಬೇಕಾಗಿದೆ. ಹಾಡಬಲ್ಲ ಹಿರಿಯರನ್ನು ಕೂರಿಸಿಕೊಂಡು ಧ್ವನಿಮುದ್ರಿಸಬೇಕಾಗಿದೆ. ಶಾಸನ ಇನ್ನೂ ನೂರು ವರ್ಷ ಕಾಯಬಹುದು, ಹಾಡುವ ಕಂಠಕ್ಕೆ ಅಷ್ಟು ಕಾಲವಿಲ್ಲ.