ಸಾಯುವ ತಾರೆಯ ಕಾಣದ ಬೆಳಕು

ಮಳೆಗಾಲ ಕಳೆದ ಇರುಳು ಕೊಟ್ಟಾರದ ನಮ್ಮ ಮನೆಯಂಗಳದಲ್ಲಿ ನಿಂತು ನೋಡಿದರೆ ಆಕಾಶ ನಿಚ್ಚಳವಾಗಿ ಕಾಣುತ್ತದೆ. ಆದರೂ ಅದರ ಒಂದು ಪಾಲು ನಮಗೆ ಮುಚ್ಚಿಯೇ ಇದೆ. ತಾರೆಗಳು ಸೂಸುವ ಕ್ಷ-ಕಿರಣಗಳನ್ನು ವಾಯುಮಂಡಲ ಮೇಲೆಯೇ ಹೀರಿಬಿಡುತ್ತದೆ. ಅವನ್ನು ಕಾಣಬೇಕಾದರೆ ಉಪಕರಣವೇ ಗಾಳಿಯನ್ನು ದಾಟಿ ಹೋಗಬೇಕು.

ಕೊಟ್ಟಾರದ ಹೆದ್ದಾರಿಯಲ್ಲಿ ಉತ್ತರಕ್ಕೆ ಹೊರಟರೆ, ಉಡುಪಿಯನ್ನು ಮುಟ್ಟುವ ಮುನ್ನ, ಅದಮಾರಿನ ಸೀಮೆ ಬರುತ್ತದೆ. ಯು. ಆರ್. ರಾಯರು 1932ರಲ್ಲಿ ಹುಟ್ಟಿದ್ದು ಆ ಊರಿನಲ್ಲಿ. ಅವರ ನೇತೃತ್ವದಲ್ಲಿ ಬೆಂಗಳೂರಿನ ಪೀಣ್ಯದಲ್ಲಿ ರೂಪುಗೊಂಡ 'ಆರ್ಯಭಟ' 1975ರ ಏಪ್ರಿಲ್ 19ರಂದು ಸೋವಿಯತ್ ನೆಲದಿಂದ ಮೇಲೇರಿತು. ಅದು ಹೊತ್ತ ಮೂರು ಪ್ರಯೋಗಗಳಲ್ಲಿ ಕ್ಷ-ಕಿರಣ ವೀಕ್ಷಣೆಯೂ ಒಂದು. ಹಂಸಪುಂಜದ 'ಸಿಗ್ನಸ್ ಎಕ್ಸ್-1' ಎಂಬ ಆಕರವನ್ನು ಅದು ನೋಡಿತು. ಕೆಲವೇ ದಿನಗಳಲ್ಲಿ ವಿದ್ಯುತ್ ಪೂರೈಕೆ ಕೆಟ್ಟು ಪ್ರಯೋಗಗಳು ನಿಂತವು.

ಅನ್ಯ ಗೆಲಾಕ್ಸಿಯೊಂದರಲ್ಲಿ ಸಿಡಿದು ಸಾಯುವ ತಾರೆಯ, ಅಂದರೆ ಸೂಪರ್ನೋವಾದ, ಕ್ಷ-ಕಿರಣವನ್ನು ಆಗಿನ್ನೂ ಯಾರೂ ಕಂಡಿರಲಿಲ್ಲ. 1980ರಲ್ಲಿ ಎನ್‌ಜಿಸಿ 6946 ಗೆಲಾಕ್ಸಿಯಲ್ಲಿ ತಾರೆಯೊಂದು ಸಿಡಿದಾಗ ಅಮೆರಿಕದ 'ಐನ್‌ಸ್ಟೈನ್' ಉಪಗ್ರಹ ಅದನ್ನು ಮೊದಲು ಗುರುತಿಸಿತು. 1987ರ ಫೆಬ್ರವರಿಯಲ್ಲಿ ನೆರೆಯ ದೊಡ್ಡ ಮೆಗೆಲಾನಿಕ್ ಮೋಡದಲ್ಲಿ ಇನ್ನೊಂದು ಸಿಡಿಯಿತು. ದಟ್ಟವಾದ ಅವಶೇಷ ತಿಳಿಯಾಗುವ ತನಕ ಕಿರಣ ಹೊರಬರಲಿಲ್ಲ. ಜಪಾನಿನ 'ಗಿಂಗಾ' ಅದನ್ನು ಹಿಡಿದದ್ದು ಆಗಸ್ಟಿನಲ್ಲಿ.

2008ರ ಜನವರಿ 9ರಂದು ಅದೃಷ್ಟ ಒಲಿಯಿತು. ಸುಮಾರು 9 ಕೋಟಿ ಜ್ಯೋತಿರ್ವರ್ಷ ದೂರದ ಎನ್‌ಜಿಸಿ 2770ರಲ್ಲಿ ಹಳೆಯ ಸ್ಫೋಟವೊಂದನ್ನು ನೋಡುತ್ತಿದ್ದ 'ಸ್ವಿಫ್ಟ್' ಉಪಗ್ರಹದ ಕಣ್ಣೆದುರೇ ಮತ್ತೊಂದು ತಾರೆ ಒಡೆಯಿತು. ಒಡಲೊಳಗಿನ ಆಘಾತದ ಅಲೆ ಮೇಲ್ಮೈಯನ್ನು ಸೀಳಿದ ಕೆಲವೇ ನಿಮಿಷಗಳ ಮಿಂಚು ಅದು. ಕಣ್ಣಿಗೆ ಕಾಣುವ ಬೆಳಕು ಏರಿದ್ದು ಆಮೇಲೆ.

ಈ ಕಿರಣಗಳಿಗೆ ಏಕಿಷ್ಟು ಬೆಲೆ? ತಾರೆ ತನ್ನ ಕೊನೆಗಾಲದಲ್ಲಿ ಸುತ್ತ ಚೆಲ್ಲಿದ ಅನಿಲಕ್ಕೆ ಸ್ಫೋಟದ ದ್ರವ್ಯ ಬಡಿದಾಗ ಅನಿಲ ಅತಿಯಾಗಿ ಕಾದು ಕ್ಷ-ಕಿರಣ ಸೂಸುತ್ತದೆ. ಅದನ್ನು ಓದಬಲ್ಲವರಿಗೆ ತಾರೆಯ ಸಾವಿನ ಜೊತೆಗೆ ಅದು ಬಾಳಿದ ಬಗೆಯೂ ತಿಳಿಯುತ್ತದೆ.

2015ರ ಸೆಪ್ಟೆಂಬರ್ 28ರಂದು ಶ್ರೀಹರಿಕೋಟದಿಂದ ಕ್ಷ-ಕಿರಣ ದೂರದರ್ಶಕ ಹೊತ್ತ ನಮ್ಮ 'ಆಸ್ಟ್ರೋಸ್ಯಾಟ್' ಹಾರಿತು. ನಡುವೆ ನಲವತ್ತು ವರ್ಷ ಸಂದಿತ್ತು. ರಾಯರು ಅದನ್ನು ಕಂಡು, 2017ರಲ್ಲಿ ತೀರಿಕೊಂಡರು. ಆರ್ಯಭಟದ ಮೌನವನ್ನು ಸೋಲೆಂದು ಎಣಿಸುವವರಿಗೆ ನಾನು ಹೇಳುವುದಿಷ್ಟೆ: ಸಿಡಿಯುವ ತಾರೆ ಮುನ್ಸೂಚನೆ ಕೊಡುವುದಿಲ್ಲ, ಆ ಗಳಿಗೆಗೆ ಮೇಲೊಂದು ಕಣ್ಣು ತೆರೆದಿರಬೇಕು. ಅಂಥ ಕಣ್ಣನ್ನು ಕಟ್ಟುವ ವಿದ್ಯೆ ನಮ್ಮ ಕೈಗಳಿಗೆ ಹತ್ತಿದ್ದು ಕೆಲವೇ ದಿನ ನೋಡಿ ಸುಮ್ಮನಾದ ಆ ಉಪಗ್ರಹದಿಂದಲೇ.